ಊದುಗೊಳವೆ ಕೊಟ್ಟು ತಂದ ನಳಿಗೆ

ನನಗೊಂದು ಚಾಳಿ ಇದೆ. ಯಾವುದೇ ಕೊಳವೆ ಕೈಗೆ ಸಿಕ್ಕಿದರೂ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಅದರ ತೂತಿಗೆ ಹಚ್ಚಿ, ಬೆಳಕಿನ ಕಡೆ ಹಿಡಿದು ನೋಡಿಬಿಡುತ್ತೇನೆ. ನಲ್ಲಿಯ ಪೈಪಾಗಲಿ, ಪರದೆ ಕಟ್ಟುವ ಸರಳಾಗಲಿ, ಸುತ್ತಿಟ್ಟ ಕ್ಯಾಲೆಂಡರಾಗಲಿ, ಭೇದವಿಲ್ಲ. ಮೊನ್ನೆ ಬಟವಾಡಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಚ್ಚಲಿಗೆಂದು ಒಂದು ತುಂಡು ಪೈಪು ಕೊಂಡೆ. ಕೊಂಡವನು ಸುಮ್ಮನೆ ಮನೆಗೆ ಬರಬೇಕೋ ಬೇಡವೋ? ರಸ್ತೆಗಿಳಿದು, ಪೈಪನ್ನು ಆಕಾಶಕ್ಕೆ ಎತ್ತಿ, ಮೆಲ್ಲಗೆ ತಿರುಗಿಸುತ್ತ ನೋಡುತ್ತ ನಿಂತೆ. ಆಟೋದವನೊಬ್ಬ ಗಾಡಿ ನಿಧಾನ ಮಾಡಿ, "ಏನ್ ಸಾರ್, ಗ್ರಹಣವಾ?" ಎಂದು ಕೇಳಿ ಹೋದ. ಅಂಗಡಿಯವನಿಗೆ ನನ್ನ ಮೇಲೆ ಕರುಣೆ ಬಂತು. "ನೀರು ಹೋಗೋಕೆ ತಾನೆ ಸಾರ್? ಹೋಗುತ್ತೆ, ಧೈರ್ಯವಾಗಿ ತಗೊಂಡೋಗಿ" ಅಂದ.

ಈ ಚಾಳಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹುಟ್ಟಿನಿಂದ ಬಂದದ್ದು ಕೊಳವೆ ಊದುವ ಚಾಳಿ. ಬೆಳ್ಳಾವಿಯಲ್ಲಿ ಹುಡುಗನಾಗಿದ್ದಾಗ ನಮ್ಮ ಹಿತ್ತಿಲಿನ ಪರಂಗಿ ಗಿಡದಲ್ಲಿ ಒಂದೆಲೆ ಉಳಿಯಲು ನಾನು ಬಿಟ್ಟವನಲ್ಲ. ಎಲೆ ಚಿವುಟಿ ಎಸೆದು ದಂಟನ್ನು ಇಟ್ಟುಕೊಂಡರೆ ಅದರಲ್ಲಿ ಪೀಪಿ ಊದಬಹುದು, ನೀರು ಹೀರಿ ಪಕ್ಕದವನ ಕಿವಿಗೆ ಬಿಡಬಹುದು, ಸೋಪಿನ ಗುಳ್ಳೆ ಮಾಡಬಹುದು. ಪರಂಗಿ ಹಾಲು ತುಟಿಗೆ ತಾಗಿ ಉರಿ ಹತ್ತಿದಾಗ ಅಮ್ಮ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಅಮ್ಮನ ಬಳಿ ಎಲ್ಲದಕ್ಕೂ ಇದ್ದದ್ದು ಅದೊಂದೇ ಮದ್ದು. ತಲೆನೋವಿಗೆ ಅದೇ, ಹಿಮ್ಮಡಿ ಒಡೆದರೆ ಅದೇ, ಬಾಗಿಲು ಕಿರ್ರೆಂದರೆ ಅದೇ, ಹೊಲಿಗೆ ಯಂತ್ರ ಮುನಿಸಿಕೊಂಡರೂ ಅದೇ. ತೆಂಗಿನ ಸೀಮೆಯ ಹೆಂಗಸು, ಇನ್ನೇನು ತಾನೇ ಹಚ್ಚಿಯಾಳು.

ಕೊಳವೆಯ ಒಳಗೆ ಕಣ್ಣಿಟ್ಟು ನೋಡುವುದನ್ನು ಕಲಿಸಿದವಳು ನನ್ನ ಹೆಂಡತಿ ಶಶಿ. ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಮನೆ ತುಮಕೂರಿನ ಬಟವಾಡಿಯಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುವ ಜೀವ. ಹೆಣ್ಣು ನೋಡಲು ಕುಣಿಗಲ್ಲಿಗೆ ಹೋದೆವು. ಗೋಡೆಯ ಮೇಲೆ ಒಂದು ಫೋಟೋ. ಹುಡುಗಿ ಖಾಕಿ ತೊಟ್ಟು, ಕಾಲೇಜಿನ ಬಂದೂಕನ್ನು ಕೆನ್ನೆಗೆ ಒತ್ತಿಕೊಂಡು ಗುರಿ ಹಿಡಿದಿದ್ದಾಳೆ. ಬಂದೂಕಿನ ಬಾಯಿ ಸರಿಯಾಗಿ ನಾನು ಕೂತ ಕುರ್ಚಿಯ ಕಡೆಗೇ ಇತ್ತು. ನನ್ನ ಅಮ್ಮ "ಹಾಡು ಬರುತ್ತೇನಮ್ಮ?" ಎಂದು ಕೇಳಿದಳು. ಹುಡುಗಿ "ಬರಲ್ಲ" ಅಂದಳು. ಆಮೇಲೆ ನನ್ನ ಕಡೆ ನೋಡಿ, "ಮದುವೆ ಆದ್ಮೇಲೂ ಗುರಿ ಹೊಡೆಯೋಕೆ ಬಿಡ್ತೀರಾ?" ಅಂದಳು. ನನ್ನ ಬಾಯಿ ತುಂಬ ಕೇಸರಿಬಾತು. ತಲೆ ಆಡಿಸಿದೆ. ತಲೆ ಆಡಿಸಿದ್ದು ಕೇಸರಿಬಾತು ಚೆನ್ನಾಗಿದೆ ಅಂತಲೂ ಆಗಿರಬಹುದಿತ್ತು, ಆದರೆ ಅವಳು ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡಳು.

ಮದುವೆಯಾಗಿ ಆರೇಳು ತಿಂಗಳು ಅವಳು ಆ ಮಾತೇ ಎತ್ತಲಿಲ್ಲ. ಅಮ್ಮನ ಜೊತೆ ಅಡುಗೆ, ಸಂಜೆ ಅಕ್ಕಪಕ್ಕದ ಮಕ್ಕಳಿಗೆ ಲೆಕ್ಕದ ಪಾಠ. ಒಂದು ದಿನ ಪೇಪರಿನಲ್ಲಿ ಸಣ್ಣ ಸುದ್ದಿ ಬಂತು. ಡಿಸೆಂಬರಿನಲ್ಲಿ ತುಮಕೂರಿನಲ್ಲೇ ಜಿಲ್ಲಾ ಆಯ್ಕೆ, ಗಾಳಿಯ ಬಂದೂಕಿನದು, ಗೆದ್ದವರು ರಾಜ್ಯ ಮಟ್ಟಕ್ಕೆ ಹೋಗಬಹುದು, ಬಂದೂಕು ಅವರವರೇ ತರತಕ್ಕದ್ದು. ಶಶಿ ಆ ಪೇಪರನ್ನು ಮಡಚಿ ನನ್ನ ತಟ್ಟೆಯ ಪಕ್ಕ ಇಟ್ಟು ಒಳಗೆ ಹೋದಳು. ಕಾಲೇಜು ಮುಗಿದ ಮೇಲೆ ಕಾಲೇಜಿನ ಬಂದೂಕೂ ಮುಗಿದಿತ್ತು. ಹೊಸದು ಕೊಳ್ಳುವುದು ಮೇಷ್ಟ್ರ ಸಂಬಳಕ್ಕೆ ಆಗುವ ಮಾತಲ್ಲ. "ಕುಣಿಗಲ್‌ನಲ್ಲಿ ಖಾದರ್ ಸಾಬ್ರು ಅಂತ ಇದಾರೆ ರೀ. ಹೇಳಿ ಮಾಡಿಸಿದ್ರೆ ಕಮ್ಮಿಗಾಗುತ್ತೆ" ಅಂದಳು.

ಅಮ್ಮ ಇದನ್ನು ಕೇಳಿ ಹೌಹಾರಿದಳು. "ಏನ್ಲಾ, ಮನೇಲಿ ಕೋವಿ ಮಡಗ್ತೀರಾ? ನಿಮ್ಮಪ್ಪ ಇದ್ದಾಗ ಈ ಮನೇಲಿ ಒಂದು ದೊಣ್ಣೆ ಇರ್ಲಿಲ್ಲ ಕಣೋ!" ಇದು ಬರೀ ಗಾಳಿಯದು, ಲೈಸೆನ್ಸೂ ಬೇಡ, ಕಾಗದಕ್ಕೆ ಗುರಿಯಿಟ್ಟು ಹೊಡೆಯೋದು ಎಂದು ನಾನು ವಿವರಿಸಿದೆ. "ಕಾಗದಕ್ಕೆ ತೂತು ಮಾಡೋಕೆ ದಬ್ಬಳ ಸಾಲ್ದಾ?" ಅಂದಳು. ಮೂರನೆಯ ದಿನ ಹಪ್ಪಳ ಒಣಗಿಸುತ್ತ, ನಮ್ಮಿಬ್ಬರಿಗೂ ಕೇಳುವ ಹಾಗೆ, ಹಪ್ಪಳಗಳಿಗೇ ಹೇಳುವವಳಂತೆ ಅಪ್ಪಣೆ ಕೊಟ್ಟಳು: "ಒಂದೇ ಒಂದ್ಸಲ. ಗೆದ್ಲಾ, ಆಮೇಲೆ ಎಲ್ಲಿಗಾದ್ರೂ ಹೋಗ್ಲಿ, ನಾನು ಮಾತಾಡಲ್ಲ. ಗೆಲ್ಲಿಲ್ವಾ, ಆ ಕೋವಿ ಅಟ್ಟಕ್ಕೆ. ಮತ್ತೆ ಅದರ ಸುದ್ದಿ ಈ ಮನೇಲಿ ಎತ್ತಂಗಿಲ್ಲ." ಶಶಿ "ಆಯ್ತು ಅತ್ತೆ" ಅಂದಳು. ಅಷ್ಟು ಬೇಗ ಒಪ್ಪಿಬಿಟ್ಟಳಲ್ಲ ಎಂದು ನನಗೇ ದಿಗಿಲಾಯಿತು.

ಖಾದರ್ ಸಾಬರ ಅಂಗಡಿ ಕುಣಿಗಲ್ ಕೆರೆಯ ಕಡೆ ಹೋಗುವ ಒಂದು ಓಣಿಯಲ್ಲಿತ್ತು. ಸೀಮೆಎಣ್ಣೆ ಸ್ಟೌ, ಹೊಲಿಗೆ ಯಂತ್ರ, ತೋಟದವರು ಅಳಿಲು ಕೋತಿ ಬೆದರಿಸಲು ಇಟ್ಟುಕೊಂಡ ಗಾಳಿಯ ಬಂದೂಕು, ಎಲ್ಲ ರಿಪೇರಿಯೂ ಒಂದೇ ಮಣೆಯ ಮೇಲೆ. ಬಲು ಮಾತುಗಾರ. ಮಾತಿನ ನಡುವೆ ಸಮಯ ಸಿಕ್ಕರೆ ಕೆಲಸ. ಶಶಿಯನ್ನು ಕಾಲೇಜು ದಿನಗಳಿಂದ ಬಲ್ಲವರು. "ಅರೆ, ಮದುವೆ ಆಗಿ ಮರೆತುಬಿಟ್ಟೆ ಅಂದ್ಕೊಂಡಿದ್ದೆ ಬೇಟಿ! ಮರದ ಹಿಡಿ ನಾನು ಹಲಸಿನ ಮರದಲ್ಲಿ ಕೆತ್ತಿಕೊಡ್ತೀನಿ. ಸ್ಪ್ರಿಂಗು, ಪಿಸ್ಟನ್ನು, ಬೆರಳಲ್ಲಿ ಎಳೆಯೋ ಕುದುರೆ ಎಲ್ಲಾ ನನ್ನ ಹತ್ರ ಐತೆ. ಬ್ಯಾರಲ್ ಮಾತ್ರ ನೀವೇ ತರ್ಬೇಕು. ಬ್ಯಾರಲ್ ಸರಿ ಇಲ್ದಿದ್ರೆ ನಾನು ಏನು ಮಾಡಿದ್ರೂ ಅದು ಒನಕೆ."

ನಾನು ಕನ್ನಡ ಮೇಷ್ಟ್ರು. ಬ್ಯಾರಲ್ ಎಂದರೆ ನಳಿಗೆ ಎಂಬ ಶಬ್ದ ಗೊತ್ತಿತ್ತು, ವಸ್ತು ಗೊತ್ತಿರಲಿಲ್ಲ. ಅದು ಬರೀ ತೂತಿರುವ ಕಬ್ಬಿಣ ಎಂದುಕೊಂಡಿದ್ದೆ. ಸಾಬರು ಒಂದು ಹಳೆಯ ತುಂಡನ್ನು ನನ್ನ ಕಣ್ಣಿಗೆ ಹಿಡಿದರು. ಒಳಗೆ ಗೆರೆಗಳು ಸುತ್ತಿಕೊಂಡು ಸುತ್ತಿಕೊಂಡು ಬೆಳಕಿನ ಕಡೆಗೆ ಓಡುತ್ತಿದ್ದವು. ಆ ಗೆರೆ ಹಿಡಿದು ತಿರುಗುತ್ತ ಹೋದರೆ ಮಾತ್ರ ಸೀಸದ ಗುಂಡು ನೆಟ್ಟಗೆ ಹೋಗುತ್ತದಂತೆ. ನಾನು ಬಹಳ ಹೊತ್ತು ನೋಡಿದೆ. ನನ್ನ ಚಾಳಿಗೆ ಅಂದೇ ನಾಂದಿ.

ಸಾಬರು ಶಶಿಗೆ ಒಂದು ಸೈಕಲ್ ಕಡ್ಡಿ ಕೊಟ್ಟರು. ಚಕ್ರದ ಎರಡು ಕಡ್ಡಿ ಬೆಸೆದು ಉದ್ದ ಮಾಡಿ ತುದಿ ನುಣುಪು ಮಾಡಿದ್ದು. ನಳಿಗೆಯ ಬಾಯಿಗೆ ಒಂದು ಸೀಸದ ಗುಂಡು ಇಟ್ಟು ಕಡ್ಡಿಯಿಂದ ಮೆಲ್ಲಗೆ ನೂಕಬೇಕು. ಒಂದೇ ಸಮನೆ ಬಿಗಿಯಾಗಿ ಹೋದರೆ ನಳಿಗೆ ಒಳ್ಳೆಯದು. ನಡುವೆ ಎಲ್ಲಾದರೂ ಸಡಿಲವಾಗಿ ಜಾರಿತೋ, ಬಿಟ್ಟುಬಿಡಬೇಕು. ಅಂದಿನಿಂದ ನನ್ನ ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ, ಕರ್ಚೀಫು, ಕುಂಕುಮದ ಡಬ್ಬಿಯ ಜೊತೆಗೆ ಒಂದು ಸೈಕಲ್ ಕಡ್ಡಿ. ಬ್ಯಾಗು ಚಿಕ್ಕದು, ಕಡ್ಡಿ ಉದ್ದ. ಸಿಟಿ ಬಸ್ಸಿನಲ್ಲಿ ಅದು ಯಾರ್‍ಯಾರಿಗೆ ಚುಚ್ಚಿತೋ, ಅವರ ಬೈಗುಳವನ್ನೆಲ್ಲ ಪಕ್ಕದಲ್ಲಿ ನಿಂತ ನಾನು ತಿಂದೆ.

ಮೊದಲು ಬೆಂಗಳೂರಿಗೆ ಹೋದೆವು. ದೊಡ್ಡ ಅಂಗಡಿ. ಫಾರಿನ್ ನಳಿಗೆಯನ್ನು ಮಖಮಲ್ಲಿನ ಮೇಲೆ ಮಲಗಿಸಿ ತಂದರು. ಶಶಿ ಕಡ್ಡಿ ತೆಗೆಯುವ ಧೈರ್ಯವನ್ನೇ ಮಾಡಲಿಲ್ಲ. ಅವಳು ಬೆರಳ ತುದಿಯಿಂದ ಒಮ್ಮೆ ಮುಟ್ಟಿದಳು. ನಾನು ಬೆಲೆ ಕೇಳಿದೆ. ಹೇಳಿದರು. ಕುಡಿಯಲು ಒಂದು ಲೋಟ ನೀರು ಕೇಳಿದೆ, ಅದನ್ನು ಕೊಟ್ಟರು, ಅದು ಪುಕ್ಕಟೆ. ಕುಡಿದು ಬಂದೆವು. ವಾಪಸು ಬರುವಾಗ ಬಸ್ಸಿನಲ್ಲಿ ಶಶಿ, "ಸುಮ್ನೆ ನೋಡೋಣ ಅಂತ ಹೋಗಿದ್ದು ತಾನೆ?" ಅಂದಳು. ನಾನೂ "ಹೂಂ, ಸುಮ್ನೆ" ಅಂದೆ. ಇಬ್ಬರಿಗೂ ಗೊತ್ತಿತ್ತು, ಹಾಗಲ್ಲ ಅಂತ.

ಆಮೇಲೆ ತುಮಕೂರಿನ ಅಂಗಡಿಯದು. ಹೊಸದು, ಇಲ್ಲೇ ಎಲ್ಲೋ ಮಾಡಿದ್ದು, ನಮ್ಮ ಕೈಗೆಟುಕುವ ಬೆಲೆ. ಅದರ ಥಳಥಳಕ್ಕೆ ನಾನು ಮರುಳಾಗಿಬಿಟ್ಟೆ. ಉದ್ದವೂ ಇತ್ತು, ಉದ್ದ ಇದ್ದಷ್ಟೂ ಗುರಿ ಜಾಸ್ತಿ ಎಂಬ ನನ್ನದೇ ಒಂದು ಸಿದ್ಧಾಂತ ಇತ್ತು. "ತಗೊಂಡ್ಬಿಡೋಣ ಕಣೇ, ಮುಖ ಕಾಣುತ್ತೆ ನೋಡು ಇದರಲ್ಲಿ!" ಅಂದೆ. ಶಶಿ ಕಡ್ಡಿ ತೆಗೆದು ಗುಂಡು ನೂಕಿದಳು. ಮೊದಲು ಬಿಗಿ, ಆಮೇಲೆ ಸರ್ರನೆ ಜಾರಿತು, ಮತ್ತೆ ಎಲ್ಲೋ ಸಿಕ್ಕಿಕೊಂಡಿತು. ಅಂಗಡಿಯವನು, "ಏನಮ್ಮಾ ಅದು, ಬಿದ್ದ ಬಿಂದಿಗೆ ಎತ್ತೋಕೆ ಬಾವಿಗೆ ಪಾತಾಳಗರಡಿ ಬಿಟ್ಟಂಗೆ ಬಿಡ್ತಿದೀರಾ!" ಎಂದು ರೇಗಿದ. "ಮುಖ ನೋಡೋಕೆ ಮನೇಲಿ ಕನ್ನಡಿ ಇದೆ ರೀ" ಎಂದು ಶಶಿ ನನ್ನನ್ನು ಎಳೆದುಕೊಂಡು ಬಂದಳು. ಅಷ್ಟರಲ್ಲಿ ದಸರೆ ಕಳೆದಿತ್ತು. ಡಿಸೆಂಬರ್ ಹತ್ತಿರ ಬರುತ್ತಿತ್ತು. ಅವಳು ರಾತ್ರಿ ಊಟಕ್ಕೆ ಕೂತಾಗ ಅನ್ನ ಕಲಸುತ್ತ ಕಲಸುತ್ತ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಕೊನೆಗೆ ಸಾಬರಿಗೇ ನೆನಪಾಯಿತು. "ಮೇಷ್ಟ್ರೆ, ಮಾರ್ಕೋನಹಳ್ಳಿ ಡ್ಯಾಮ್ ಕೆಳಗೆ ಒಂದು ತೋಟದ ಮನೆ ಐತೆ. ಅಲ್ಲಿ ಲಕ್ಕಜ್ಜಿ ಅಂತ. ಅವರ ಯಜಮಾನ್ರ ಹತ್ರ ಒಂದು ಜರ್ಮನ್ ಗಾಳಿ ಬಂದೂಕಿತ್ತು. ನಾನೇ ಸ್ಪ್ರಿಂಗ್ ಹಾಕ್ಕೊಟ್ಟಿದ್ದೆ. ಆಮೇಲೆ ಮರನ ಗೆದ್ದಲು ತಿಂತು ಅಂತ ಕೇಳ್ದೆ. ಕಬ್ಬಿಣನ ಗೆದ್ದಲು ತಿನ್ನಲ್ಲ, ಹೋಗಿ ನೋಡಿ."

ಭಾನುವಾರ ಹೊರಟೆವು. ಡ್ಯಾಮ್ ನೋಡಬಹುದು ಎಂಬ ಒಂದೇ ಕಾರಣಕ್ಕೆ, ಕೋವಿಗೂ ತನಗೂ ಸಂಬಂಧವಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ, ಅಮ್ಮನೂ ಬಂದಳು. ಕಾಲುವೆಯ ಮಗ್ಗುಲಲ್ಲಿ ನಡೆದು ತೋಟದ ಮನೆ ಮುಟ್ಟಿದಾಗ ಲಕ್ಕಜ್ಜಿ ಬಚ್ಚಲ ಒಲೆಯ ಮುಂದೆ ಕೂತಿದ್ದರು. ಹೊಗೆಯೋ ಹೊಗೆ. ನಾವು ಬಂದ ಕಾರಣ ಹೇಳಿದೆವು.

"ಬಂದೂಕಾ? ಅದೆಲ್ಲೈತೆ ಸ್ವಾಮಿ, ಗೆದ್ಲು ತಿಂದು ಮಣ್ಣಾಗೋಯ್ತು" ಎಂದು ಹೇಳಿ, ಅಜ್ಜಿ ಕೈಯಲ್ಲಿದ್ದ ಕೊಳವೆಯನ್ನು ಬಾಯಿಗಿಟ್ಟು ಫೂ ಎಂದು ಊದಿದರು. ಒಲೆ ಭಗ್ಗೆಂದಿತು. ಶಶಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಅಜ್ಜಿ ಊದುತ್ತಿದ್ದದ್ದೇ ಆ ಬಂದೂಕಿನ ನಳಿಗೆ.

ಮಸಿ ಹಿಡಿದು ಕರ್‍ರಗಾಗಿತ್ತು. ಒಂದು ತುದಿ ಅಜ್ಜಿಯ ತುಟಿ ತಾಗಿ ತಾಗಿ ಫಳಫಳ ಅನ್ನುತ್ತಿತ್ತು. ಶಶಿ ಕೇಳಿಕೊಂಡು ಅದನ್ನು ಈಸಿಕೊಂಡಳು. ಬಚ್ಚಲ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಸೀರೆಯ ಸೆರಗಿನಿಂದಲೇ ಬೂದಿ ಒರೆಸಿ, ಗುಂಡು ಇಟ್ಟು ಕಡ್ಡಿ ನೂಕಿದಳು. "ಅದ್ಯಾಕವ್ವಾ ಕೊಳ್ವೆಗೆ ಕಡ್ಡಿ ಆಡುಸ್ತೀಯಾ?" ಎಂದು ಅಜ್ಜಿ ಕೇಳಿದ್ದು ಅವಳಿಗೆ ಕೇಳಿಸಲೇ ಇಲ್ಲ. ಗುಂಡು ಒಂದೇ ಹದದಲ್ಲಿ, ಎಲ್ಲೂ ಅವಸರವಿಲ್ಲದೆ ಸಾಗಿ, ಕೊನೆಯಲ್ಲಿ ತುಸುವೇ ಬಿಗಿಯಾಗಿ ಹೊರಗೆ ಬಂತು. "ರೀ, ನೀವೂ ನೋಡಿ" ಎಂದು ಕಡ್ಡಿಯನ್ನು ನನ್ನ ಕೈಗೆ ಕೊಟ್ಟಳು. ನಾನೂ ನೂಕಿದೆ. ನನಗೆ ಏನೂ ಗೊತ್ತಾಗಲಿಲ್ಲ. ಆದರೂ "ಆಹಾ!" ಅಂದೆ.

ತೊಂದರೆ ಶುರುವಾದದ್ದು ಆಮೇಲೆ. ಲಕ್ಕಜ್ಜಿ ಕೊಡಲೊಲ್ಲರು. ನಾನು ದುಡ್ಡಿನ ಮಾತೆತ್ತಿದೆ. "ದುಡ್ನ ಊದಿ ಒಲೆ ಹತ್ತುಸ್ಲಾ? ನಂಗೆ ಬ್ಯಾಡ ಬುಡಿ. ನಮ್ಮ ಯಜಮಾನ್ರು ಹಿಡ್ದಿದ್ದ ಸಾಮಾನು. ಅಲ್ದೆ ಇದ್ರಂಗೆ ಉರಿ ಎಬ್ಸೋ ಕೊಳ್ವೆ ಇನ್ನೊಂದಿಲ್ಲ" ಅಂದರು. ಅದು ಸುಳ್ಳಲ್ಲ. ಅಷ್ಟು ಸಣ್ಣ ತೂತಿನಿಂದ ಗಾಳಿ ಹೋಗುವುದು ಸೂಜಿಯ ಹಾಗೆ. ಶಶಿ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ವಾಪಸು ಕೊಡಲೂ ಆಗದು, ಇಟ್ಟುಕೊಳ್ಳಲೂ ಆಗದು.

ಆಗ, ಅಲ್ಲಿಯವರೆಗೆ ಕಾಲುವೆಯ ನೀರು ನೋಡುತ್ತ ಕೂತಿದ್ದ ಅಮ್ಮ, ಬೆನ್ನು ಈ ಕಡೆಗಿದ್ದ ಹಾಗೆಯೇ ಮಾತಾಡಿದಳು. "ನಮ್ಮನೇಲಿ ಒಂದು ಹಿತ್ತಾಳೆ ಊದುಗೊಳ್ವೆ ಐತೆ. ನಮ್ಮವ್ವ ಮದುವೇಲಿ ಕೊಟ್ಟಿದ್ದು. ಈಗ ಗ್ಯಾಸ್ ಒಲೆ, ಊದೋದೇನಿಲ್ಲ. ಅದನ್ನ ಕಳುಸ್ತೀನಿ, ಇದನ್ನ ಕೊಟ್ಬುಡಿ ಅತ್ಲಾಗೆ." ಲಕ್ಕಜ್ಜಿ ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಿತ್ತಾಳೇದಾ? ತೂತು ಸಣ್ಣಕೈತಾ?" "ಐತೆ." "ಸೊಟ್ಟ ಇಲ್ಲ ತಾನೆ?" "ನಮ್ಮವ್ವ ಸೊಟ್ಟ ಸಾಮಾನು ಕೊಡೋ ಪೈಕಿ ಅಲ್ಲ." ಕೋವಿಯ ವಿಷಯ ಅವರಿಬ್ಬರೂ ಮರೆತೇಬಿಟ್ಟಿದ್ದರು. ಒಲೆ, ಸೌದೆ, ಹೊಗೆ, ಕಣ್ಣುರಿ, ಹೀಗೆ ಅರ್ಧ ಗಂಟೆ ನಡೆದ ಮಾತುಕತೆಯ ಕೊನೆಗೆ ಅಜ್ಜಿ ನಂಬಿಕೆಯ ಮೇಲೆ ಅಂದೇ ನಳಿಗೆಯನ್ನು ಕೊಟ್ಟು, ಮಜ್ಜಿಗೆ ಕುಡಿಸಿ ಕಳಿಸಿದರು. ಮುಂದಿನ ಭಾನುವಾರ ನಾನು ಹಿತ್ತಾಳೆಯ ಊದುಗೊಳವೆ ಹಿಡಿದು ಅದೇ ದಾರಿಯಲ್ಲಿ ಹೋದೆ. ಕಂಡಕ್ಟರು, "ಯಾವ ಊರಲ್ಲಿ ಮದುವೆ ಸ್ವಾಮಿ? ಡೋಲಿನೋರು ಮುಂದಿನ ಬಸ್ಸಾ?" ಎಂದು ಕೇಳಿದ.

ನಳಿಗೆ ತಂದ ದಿನ ಬಸ್ಸಿನಲ್ಲಿ ಶಶಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದ ಮೇಲೆ ನಾನು ಅಮ್ಮನನ್ನು ಕೇಳಿದ್ದೆ, ನಿಮ್ಮವ್ವ ಕೊಟ್ಟದ್ದನ್ನು ಯಾಕೆ ಕೊಡಲು ಒಪ್ಪಿದೆ ಅಂತ. "ಬೂದಿ ಒರೆಸ್ತಾ ಕೂತಿದ್ಲಲ್ಲ, ಆಗ ಅವಳ ಮುಖ ನೋಡ್ದಾ? ನಮ್ಮನೆಗೆ ಬಂದಾಗಿಂದ ಅವಳ ಮುಖ ಹಂಗಿದ್ದಿದ್ದು ನಾನು ನೋಡೇ ಇಲ್ಲ ಕಣೋ" ಅಂದಳು. ಗಂಡ ನಾನು, ನಾನು ನೋಡಬೇಕಾದದ್ದನ್ನು ಅಮ್ಮ ನೋಡಿದ್ದಳು. ತಕ್ಷಣವೇ ಅಮ್ಮ ದನಿ ಗಟ್ಟಿ ಮಾಡಿಕೊಂಡು, "ಹಂಗಂತ ಮಾತು ಬದಲಾಯ್ತು ಅಂದ್ಕೋಬೇಡ. ಒಂದ್ಸಲ ಅಂದ್ರೆ ಒಂದ್ಸಲ" ಎಂದಳು.

ಸಾಬರು ನಳಿಗೆಯ ತುಕ್ಕು ತೆಗೆದರು, ಬಾಯಿ ಸರಿಮಾಡಿದರು, ಹಲಸಿನ ಮರದ ಹಿಡಿಗೆ ಕೂರಿಸಿದರು. ಹಳದಿ ಹಿಡಿ, ಕಪ್ಪು ನಳಿಗೆ. ಕೊಡುವಾಗ ಒಂದೇ ಎಚ್ಚರಿಕೆ ಹೇಳಿದರು: "ಒಳಗೆ ಎಣ್ಣೆ ಬಿಡಬೇಡಿ. ಗಾಳಿ ಒತ್ತಿದಾಗ ಒಳಗೆ ಕಾವು ಹುಟ್ಟುತ್ತೆ, ಎಣ್ಣೆ ಇದ್ರೆ ಹತ್ಕೊಂಡುಬಿಡುತ್ತೆ, ಗುಂಡು ಎಲ್ಲೆಲ್ಲಿಗೋ ಹೋಗುತ್ತೆ." ನಾನೂ ಶಶಿಯೂ ತಲೆ ಆಡಿಸಿದೆವು. ಬಟವಾಡಿಯ ಮನೆಯಲ್ಲಿ ಹಿಂಬಾಗಿಲಿನಿಂದ ಮುಂಬಾಗಿಲಿನವರೆಗೆ ಜಾಗ ಮಾಡಿಕೊಂಡು ದಿನಾ ಅಭ್ಯಾಸ. ಗೋಣಿಚೀಲಕ್ಕೆ ಮಣ್ಣು ತುಂಬಿ ಅದರ ಮೇಲೆ ಕಾಗದ. ಆ ಹೊತ್ತಿನಲ್ಲಿ ಹಾಲಿನವನು ಬಂದರೆ ಅವನಿಗೆ ಹೊರಗೇ ನಿಲ್ಲಲು ಅಪ್ಪಣೆ. ತೂತುಗಳು ಕಾಗದದ ನಡುವೆ ಒಂದರ ಮೇಲೊಂದು ಬೀಳತೊಡಗಿದವು. ಅಮ್ಮ ಕಾಳು ಆರಿಸುತ್ತ, ಓರೆಗಣ್ಣಿನಲ್ಲಿ ನೋಡಿ, "ಪರವಾಗಿಲ್ಲ, ನಮ್ಮ ಊದುಗೊಳ್ವೆ" ಅನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಅದು ಈಗ ಅವಳದ್ದೇ.

ಆಯ್ಕೆಯ ದಿನ ಬೆಳಗ್ಗೆ ವಿಪರೀತ ಚಳಿ. ಹೊರಡುವಾಗ ಅಮ್ಮ ಬಂದೂಕಿಗೆ ಕುಂಕುಮ ಇಟ್ಟು, ಶಶಿಯ ಹಣೆಗೂ ಇಟ್ಟು ಕಳಿಸಿದಳು. ಕಾಲೇಜೊಂದರ ಸಭಾಂಗಣದಲ್ಲಿ ಸ್ಪರ್ಧೆ. ಲೆಕ್ಕಕ್ಕಿಲ್ಲದ ಗುಂಡು ಹೊಡೆದು ಬಂದೂಕನ್ನು ಹದಕ್ಕೆ ತಂದುಕೊಳ್ಳಲು ಮೊದಲು ಸ್ವಲ್ಪ ಹೊತ್ತು ಕೊಡುತ್ತಾರೆ. ಶಶಿ ಮೊದಲ ಗುಂಡು ಹೊಡೆದಳು. ಢಮಾರ್ ಎಂದು ಸದ್ದಾಯಿತು, ನಳಿಗೆಯ ಬಾಯಲ್ಲಿ ನೀಲಿ ಹೊಗೆ. ಗುಂಡು ಕಾಗದವನ್ನೂ ದಾಟಿ ಮೇಲೆಲ್ಲೋ ಹೋಯಿತು. ಇನ್ನೊಂದು ಹೊಡೆದಳು, ಅದೂ ಹಾಗೇ. ಆಮೇಲೆ ಸಭಾಂಗಣದ ತುಂಬ ಮೆಲ್ಲಗೆ ಒಂದು ವಾಸನೆ ಹರಡಿತು. ತೀರ್ಪುಗಾರರೊಬ್ಬರು ಮೂಗರಳಿಸಿ, "ಕ್ಯಾಂಟೀನಲ್ಲಿ ಹಪ್ಪಳ ಕರೀತಿದಾರೇನ್ರೀ?" ಎಂದು ಪಕ್ಕದವರನ್ನು ಕೇಳಿದರು.

ಕೊಬ್ಬರಿ ಎಣ್ಣೆ. ನಾವು ಸ್ನಾನ, ತಿಂಡಿಯ ಗಡಿಬಿಡಿಯಲ್ಲಿದ್ದಾಗ ಅಮ್ಮ ನಳಿಗೆಯ ಬಾಯಿಂದ ಎಣ್ಣೆ ಬಿಟ್ಟಿದ್ದಳು, ಒಳ್ಳೆಯ ಕೆಲಸಕ್ಕೆ ಹೊರಟ ಸಾಮಾನು ಒಣಗಿಕೊಂಡು ಹೋಗಬಾರದು ಅಂತ. ಸಾಬರ ಎಚ್ಚರಿಕೆಯನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಡಿಸೆಂಬರಿನ ಚಳಿಗೆ ಎಣ್ಣೆ ಬಿಳಿಯಾಗಿ ಹೆಪ್ಪುಗಟ್ಟಿತ್ತು. ಶಶಿ ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿದಳು. ಬಾಯಿಯ ಹತ್ತಿರದ್ದು ಬಂತು, ಒಳಕ್ಕೆ ಇಳಿದದ್ದು ಬರಲಿಲ್ಲ. ಹೊತ್ತು ಮುಗಿಯಿತು, ಲೆಕ್ಕದ ಗುಂಡುಗಳು ಶುರುವಾದವು. ಮೇಲೆ, ಕೆಳಗೆ, ಎಡಕ್ಕೆ. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಅರ್ಧದ ಹೊತ್ತಿಗೆ ಎಣ್ಣೆಯೆಲ್ಲ ಉರಿದು ಮುಗಿಯಿತು. ಅಲ್ಲಿಂದಾಚೆ ಅವಳು ಹೊಡೆದದ್ದು! ಒಂದೂ ನಡುವಿನಿಂದ ಕದಲಲಿಲ್ಲ. ಪಕ್ಕದ ಹುಡುಗಿಯರು ತಮ್ಮದನ್ನು ಬಿಟ್ಟು ಇವಳ ಕಾಗದ ನೋಡಿದರು. ಆದರೆ ಮೊದಲರ್ಧ ಮುಳುಗಿಸಿತ್ತು. ಪಟ್ಟಿಯಲ್ಲಿ ಶಶಿಯ ಹೆಸರು ಇರಲಿಲ್ಲ.

ಆಟೋದಲ್ಲಿ ನಾನು ಹೇಳಿದೆ, ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ, ತಪ್ಪು ಗೊತ್ತಾದರೆ ಇನ್ನೊಂದು ಸಲ ಬಿಟ್ಟೇ ಬಿಡುತ್ತಾಳೆ ಅಂತ. ಬಟವಾಡಿ ಬಂದ ಮೇಲೆ ಶಶಿ, "ಬೇಡ ರೀ" ಅಂದಳು, ಅಷ್ಟೇ. ನನಗೆ ಸಿಟ್ಟೇ ಬಂತು. ಸಂಕಟವೂ ಆಯಿತು.

ಅಮ್ಮ ಗೇಟಿನಲ್ಲೇ ಕಾಯುತ್ತಿದ್ದಳು. "ಆಗ್ಲಿಲ್ಲ ಅತ್ತೆ. ಕೈ ನಡುಗಿಬಿಡ್ತು" ಎಂದಳು ಶಶಿ. ಒಳಗೆ ಹೋಗಿ ಬಂದೂಕನ್ನು ತಾನೇ ಅಟ್ಟದ ಏಣಿಯ ಹತ್ತಿರ ಒರಗಿಸಿದಳು. ಅಮ್ಮ ತನ್ನ ಹಳೆಯ ಹತ್ತಿ ಸೀರೆಯೊಂದನ್ನು ತಂದು, ಧೂಳು ಕೂರಬಾರದು ಎಂದು ಅದಕ್ಕೆ ಸುತ್ತತೊಡಗಿದಳು. ಸುತ್ತುತ್ತ ಸುತ್ತುತ್ತ ಕೈ ನಿಂತಿತು. ನಳಿಗೆಯ ಬಾಯಿಗೆ ಮೂಗು ತಂದಳು. ಮತ್ತೊಮ್ಮೆ ಮೂಸಿದಳು.

"ಇದ್ಯಾಕೆ ಎಣ್ಣೆ ಸೀದಂಗೆ ನಾರ್ತಾ ಐತೆ?" ಎಂದಳು. "ನಾನು ಎಣ್ಣೆ ಬಿಟ್ಟಿದ್ದಕ್ಕೆ ಹಿಂಗಾಯ್ತೇನೇ ಶಶಿ?"

"ಇಲ್ಲ ಅತ್ತೆ. ನನ್ನ ಕೈಯೇ ನಡುಗಿದ್ದು."

"ನೀನು ಹೇಳೋ" ಎಂದು ಅಮ್ಮ ನನ್ನ ಕಡೆ ತಿರುಗಿದಳು. ನಾನು ಫ್ಯಾನು ನೋಡಿದೆ. ಅದು ತಿರುಗುತ್ತಲೂ ಇರಲಿಲ್ಲ. ಅಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ನನ್ನ ಕೈಯಾರೆ ಹಾಳು ಮಾಡ್ಬಿಟ್ನಲ್ಲೇ ತಾಯಿ! ಒಂದು ಮಾತು ಬಯ್ಯಬಾರ್ದಾ ನನ್ನ? ಬಾಯಿ ಬಿಟ್ಟು ಹೇಳಿದ್ರೆ ನಾನು ಬ್ಯಾಡ ಅಂತಿದ್ನಾ?" ಎಂದು ಅತ್ತಳು.

ಶಶಿ ಅವಳ ಪಕ್ಕ ಕೂತಳು. ಅಷ್ಟು ಹೊತ್ತು ತಡೆದುಕೊಂಡಿದ್ದವಳು ಈಗ ತಾನೂ ಅತ್ತಳು. "ನನಗೆ ಒಳ್ಳೇದಾಗ್ಲಿ ಅಂತ ತಾನೆ ಅತ್ತೆ ಬಿಟ್ಟಿದ್ದು? ಅದನ್ನ ಹೆಂಗೆ ಹೇಳ್ಲಿ ನಾನು, ಯಾವ ಬಾಯಲ್ಲಿ ಹೇಳ್ಲಿ?" ಅಂದಳು. ಅಂದು ನಮ್ಮ ಮನೆಯಲ್ಲಿ ಅಡುಗೆ ಆಗಲಿಲ್ಲ. ನಾನು ಹೋಗಿ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದೆ. ಬಂದೂಕು ಅಟ್ಟಕ್ಕೆ ಹೋಗಲಿಲ್ಲ.

ಮರುವರ್ಷದ ಆಯ್ಕೆಗೆ ಅಮ್ಮನೂ ಬಂದಳು. ನಾವು ಕರೆಯುವ ಮೊದಲೇ ಸೀರೆ ಉಟ್ಟು ತಯಾರಾಗಿದ್ದಳು. ಆದರೆ ಹಿಂದಿನ ದಿನದಿಂದಲೇ ಅವಳು ಬಂದೂಕಿನ ಹತ್ತಿರ ಸುಳಿದಿರಲಿಲ್ಲ. ಕುಂಕುಮವನ್ನೂ ನನ್ನ ಕೈಯಲ್ಲೇ ಇಡಿಸಿದ್ದಳು. ಸಭಾಂಗಣದಲ್ಲಿ ನನ್ನ ಪಕ್ಕ ಕೂತು, ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿ ಬಚ್ಚಿಟ್ಟುಕೊಂಡಳು. ಕುಡಿಯಲು ನೀರು ಕೊಟ್ಟರೂ ಹೊರಗೆ ತೆಗೆಯಲಿಲ್ಲ. ಒಂದೊಂದು ಗುಂಡಿಗೂ ಅವಳ ತುಟಿ ಏನೋ ಹೇಳಿಕೊಳ್ಳುತ್ತಿತ್ತು. ಆ ದಿನ ಹೊಗೆ ಬರಲಿಲ್ಲ, ವಾಸನೆಯೂ ಬರಲಿಲ್ಲ.

ಕೊನೆಯ ಗುಂಡು ಹೊಡೆದು ಶಶಿ ಎದ್ದು ನೇರವಾಗಿ ನಮ್ಮ ಹತ್ತಿರ ಬಂದಳು. ಹೆಸರುಗಳನ್ನು ಇನ್ನೂ ಓದಿರಲಿಲ್ಲ. ಅಮ್ಮನ ಮುಂದೆ ಮಂಡಿಯೂರಿ, ಸೆರಗು ಸರಿಸಿ, ಆ ಎರಡು ಕೈಗಳನ್ನು ಹೊರಗೆಳೆದು, ಬಂದೂಕನ್ನು ಅವುಗಳ ಮೇಲೆ ಇಟ್ಟಳು. "ಬ್ಯಾಡ ಕಣೇ, ಬ್ಯಾಡ, ನನ್ನ ಕೈಗೆ ಕೊಡಬೇಡ, ಮೊದಲು ಹೆಸರು ಹೇಳ್ಲಿ" ಎಂದು ಅಮ್ಮ ಗಾಬರಿಬಿದ್ದಳು. "ಹಿಡ್ಕೊಳ್ಳಿ ಅತ್ತೆ. ಏನೂ ಆಗಲ್ಲ" ಅಂದಳು ಶಶಿ. ಅಷ್ಟರಲ್ಲಿ ಮೈಕಿನಲ್ಲಿ ಓದತೊಡಗಿದರು. ಅವಳ ಹೆಸರು ಬಂದಾಗ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅಮ್ಮ ತಟ್ಟಲಿಲ್ಲ. ಬಂದೂಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಶಶಿಯೇ ಒರೆಸಿದಳು.